ಮಸ್ಕಿಯ ಬಂಡೆ ಮತ್ತು ನನ್ನ ಕಲ್ಲಿನ ಟ್ರಂಕು

ನಮ್ಮ ಮನೆಯ ಅಟ್ಟದ ಮೇಲೆ ಎರಡು ಕಬ್ಬಿಣದ ಟ್ರಂಕುಗಳಿವೆ. ಒಂದರಲ್ಲಿ ಶಾಸನಗಳ ಅಚ್ಚುಗಳು, ಹಳೆಯ ನೋಟ್‌ಬುಕ್ಕುಗಳು, ಫೋಟೊಗಳು. ಇನ್ನೊಂದರಲ್ಲಿ ಬರೀ ಕಲ್ಲು. ಬ್ಯಾಂಕಿನ ನೌಕರಿಯಲ್ಲಿ ನನಗೆ ಒಂಬತ್ತು ಸಲ ವರ್ಗವಾಯಿತು. ಒಂಬತ್ತು ಸಲವೂ ಸಾಮಾನು ಹೊರುವವರು ಆ ಎರಡನೇ ಟ್ರಂಕನ್ನು ಎತ್ತಿ, ಅಲ್ಲೇ ಇಳಿಸಿ, "ಏನ್ ಸಾರ್, ಇದ್ರಲ್ಲಿ ಕಲ್ಲು ತುಂಬಿದ್ದೀರಾ?" ಅಂತ ಕೇಳಿದ್ದಾರೆ. "ಹೌದಪ್ಪ, ಕಲ್ಲೇ" ಅಂದರೆ ಯಾರೂ ನಂಬಲಿಲ್ಲ.

ಈ ಬರಹ ಆ ಎರಡನೇ ಟ್ರಂಕಿನ ಬಗ್ಗೆ. ಶಾಸನಗಳ ಜಾಗದಲ್ಲಿ ಕಲ್ಲು ಕೂಡಿಡುವ ಹವ್ಯಾಸದ ಕಥೆ ಯಾಕೆ ಅಂತ ಓದುಗರಿಗೆ ಅನ್ನಿಸಬಹುದು. ಸ್ವಲ್ಪ ತಾಳಿ. ಕನ್ನಡ ನಾಡಿನ ಒಂದು ಬಹುಮುಖ್ಯ ಶಾಸನ ಬೆಳಕಿಗೆ ಬಂದದ್ದು ಶಾಸನತಜ್ಞರಿಂದಲ್ಲ, ಕಲ್ಲು ಹುಡುಕಿಕೊಂಡು ಹೋದವರೊಬ್ಬರಿಂದ. ಅಲ್ಲಿಗೆ ಬರುತ್ತೇನೆ.

ನಮ್ಮೂರು ಹೊಳೆನರಸೀಪುರದ ಕಡೆ. ಅಲ್ಲಿನ ಹಳ್ಳಗಳಲ್ಲಿ ಮಳೆ ಬಂದು ಹೋದ ಮೇಲೆ ಮರಳೆಲ್ಲ ಮಿಣಮಿಣ ಹೊಳೆಯುತ್ತಿತ್ತು. ಅದು ಕಾಗೆಬಂಗಾರ. ಉಗುರಲ್ಲಿ ಎಬ್ಬಿಸಿದರೆ ಈರುಳ್ಳಿ ಸಿಪ್ಪೆಯ ಹಾಗೆ ಪದರ ಪದರವಾಗಿ ಬರುವ ಅಭ್ರಕ. ಪುಸ್ತಕದ ನಡುವೆ ನವಿಲುಗರಿ ಇಡುವ ವಯಸ್ಸಿನಲ್ಲಿ ನಾನು ಅಭ್ರಕದ ಹಾಳೆ ಇಡುತ್ತಿದ್ದೆ. ಆಮೇಲೆ ಕಲ್ಲಿನೊಳಗೆ ಹುದುಗಿದ ಕಡುಗೆಂಪು ಗಾರ್ನೆಟ್ ಹರಳುಗಳು ಕಂಡವು. ನೀಲಿ ಪಟ್ಟಿಯಂಥ ಕಯನೈಟ್ ಸಿಕ್ಕಿತು. ಕಯನೈಟ್ ಒಂದು ವಿಚಿತ್ರ ಖನಿಜ. ಉದ್ದುದ್ದಕ್ಕೆ ಚಾಕುವಿನಿಂದ ಗೀರಿದರೆ ಗೀರು ಬೀಳುತ್ತದೆ, ಅಡ್ಡಡ್ಡ ಗೀರಿದರೆ ಬೀಳುವುದಿಲ್ಲ. ಒಂದೇ ಕಲ್ಲಿಗೆ ಎರಡು ಗಡಸುತನ! ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ಅದನ್ನು ತೋರಿಸಿದ ದಿನ ನಾನು ಕೆಟ್ಟೆ ಅಂತಲೇ ಹೇಳಬೇಕು. ಅಂದಿನಿಂದ ಜೇಬು ಹರಿಯುವುದು ನಿಲ್ಲಲಿಲ್ಲ.

ತೊಂಬತ್ತರ ದಶಕದಲ್ಲಿ ಲಿಂಗಸುಗೂರಿಗೆ ವರ್ಗವಾಯಿತು. ಮನೆಯವರು ಬಿಸಿಲಿಗೆ ಹೆದರಿದರು, ನಾನು ಒಳಗೊಳಗೇ ಹಿಗ್ಗಿದೆ. ಕೃಷ್ಣಾ ತುಂಗಭದ್ರೆಗಳ ನಡುವಿನ ಆ ದೋ‌ಆಬ್ ಪ್ರದೇಶ ಕಲ್ಲಿನ ಹುಚ್ಚಿರುವವನಿಗೆ ತವರುಮನೆ. ಒಂದು ಕಡೆ ಉರುಟುರುಟಾದ ಕಣಶಿಲೆಯ ಗುಡ್ಡ, ಇನ್ನೊಂದು ಕಡೆ ಕಪ್ಪು ಹಸಿರಿನ ಪದರುಶಿಲೆಯ ಪಟ್ಟಿ, ನಡುನಡುವೆ ಬೆಳ್ಳಗೆ ಹಲ್ಲು ಕಿರಿದ ಹಾಗೆ ಬೆಣಚುಕಲ್ಲಿನ ಎಳೆ. ಭಾನುವಾರ ಬಂದರೆ ಸೈಕಲ್ಲು, ಬುತ್ತಿ, ಒಂದು ಸುತ್ತಿಗೆ. ಸಂಜೆ ಚೀಲ ಭಾರವಾಗಿ ಮನೆಗೆ.

ಹಾಗೆ ತಂದ ಕಲ್ಲುಗಳಲ್ಲಿ ಒಂದು ಕಪ್ಪು ಕಲ್ಲು. ಅಂಗೈ ಉದ್ದ, ಒಂದು ತುದಿ ಚೂಪು, ಇನ್ನೊಂದು ತುದಿ ಅಗಲವಾಗಿ ನಯವಾಗಿ ಬಾಗಿ ಅಂಚಾಗಿತ್ತು. ಕೈಯಲ್ಲಿ ಹಿಡಿದರೆ ತಾನಾಗಿ ಕೂರುತ್ತಿತ್ತು. ಒಂದು ಹೊಲದ ಬದುವಿನಲ್ಲೋ, ಹಳ್ಳದ ದಂಡೆಯಲ್ಲೋ ಸಿಕ್ಕಿದ್ದು. ಆ "ಲೋ" ಕಡೆ ಗಮನ ಕೊಡಿ, ಈ ಕಥೆಯ ಗಂಟು ಇರುವುದು ಅಲ್ಲೇ. ಚೆಂದದ ಕಲ್ಲು ಅಂತ ತಂದು ಬ್ಯಾಂಕಿನ ಮೇಜಿನ ಮೇಲೆ ಕಾಗದ ಹಾರದಂತೆ ಇಟ್ಟುಕೊಂಡೆ.

ಎರಡು ವರ್ಷ ಅದು ಅಲ್ಲಿ ಸಾಲದ ಅರ್ಜಿಗಳನ್ನು ಕಾಯಿತು. ಆಮೇಲೆ ಒಂದು ದಿನ ಶಾಸನಗಳ ಸಲುವಾಗಿ ಆ ಭಾಗಕ್ಕೆ ಬಂದಿದ್ದ ಹಿರಿಯರೊಬ್ಬರು, ಧಾರವಾಡದ ಕಡೆಯವರು, ಚೆಕ್ ಬದಲಾಯಿಸಲು ಬಂದರು. ಕಲ್ಲನ್ನು ನೋಡಿದವರೇ ಎತ್ತಿಕೊಂಡರು. ಹೆಬ್ಬೆರಳನ್ನು ಅಂಚಿನ ಮೇಲೆ ಆಡಿಸಿದರು.

"ಇದು ಎಲ್ಲಿ ಸಿಕ್ತ್ರೀ?"

"ಇಲ್ಲೇ ಸರ್, ಲಿಂಗಸುಗೂರು ಕಡೆ."

"ಕಡೆ ಅಂದ್ರ? ಯಾವ ಊರು, ಯಾವ ಹೊಲ, ಎಷ್ಟು ಆಳದಾಗ?"

ನನಗೆ ಉತ್ತರ ಹೊಳೆಯಲಿಲ್ಲ. ಅವರು ಕಲ್ಲನ್ನು ಮೆಲ್ಲಗೆ ಕೆಳಗಿಟ್ಟರು. "ನವಶಿಲಾಯುಗದ ಕೊಡಲಿ ಇದು. ಮೂರು, ಮೂರೂವರೆ ಸಾವಿರ ವರ್ಷ ಆಗಿರಬೇಕು. ನೀವು ಶಾಸನದ ಕಲ್ಲು ಕಿತ್ಕೊಂಡು ಬಂದು ಅಕ್ಷರ ಅಳಿಸಿದ್ಹಾಂಗ ಆತು ನೋಡ್ರಿ" ಅಂದರು. ಬೈಗುಳದ ಧ್ವನಿ ಇರಲಿಲ್ಲ. ಇದ್ದಿದ್ದರೆ ನನಗೂ ಸಮಾಧಾನವಾಗುತ್ತಿತ್ತೇನೋ.

ನಾನು ಶಾಸನಗಳ ಕಡೆ ಹೊರಳಿದ್ದು ಅವರ ಹಿಂದೆಯೇ ತಿರುಗಿ. ಕಲ್ಲಿನ ಹುಚ್ಚು ಮಾತ್ರ ಬಿಡಲಿಲ್ಲ, ದಾರಿ ಬದಲಾಯಿತು ಅಷ್ಟೇ. ಈ ನೆಲದಲ್ಲಿ ಕಲ್ಲು ಹೆಕ್ಕಿದವರು ನನಗಿಂತ ಮೊದಲು ಯಾರಿದ್ದರು ಅಂತ ಹುಡುಕತೊಡಗಿದೆ. ಆಶ್ಚರ್ಯವೆಂದರೆ ಲಿಂಗಸುಗೂರೇ ಆ ಚರಿತ್ರೆಯ ಮೊದಲ ಪುಟದಲ್ಲಿದೆ. 1842ರಲ್ಲಿ ಅಲ್ಲಿ ಡಾ. ಪ್ರಿಮ್ರೋಸ್ ಎಂಬ ವೈದ್ಯರಿಗೆ ಕಲ್ಲಿನ ಆಯುಧಗಳು ಸಿಕ್ಕಿದ್ದವು. ಭಾರತದಲ್ಲಿ ಇಂಥ ಆಯುಧಗಳು ಸಿಕ್ಕ ಬಗ್ಗೆ ಇರುವ ತೀರ ಹಳೆಯ ಉಲ್ಲೇಖಗಳಲ್ಲಿ ಇದೂ ಒಂದು. ಆ ವೈದ್ಯರು ನಡೆದಾಡಿದ ಬೀದಿಯಲ್ಲೇ ನಾನು ಕ್ಯಾಶ್ ಬಾಕ್ಸ್ ಬೀಗ ಹಾಕಿ ನಡೆದಾಡಿದ್ದೇನೆ, ಗೊತ್ತಿಲ್ಲದೆ.

ಆದರೆ ಕಲ್ಲು ಹೆಕ್ಕುವುದನ್ನು ಶಿಸ್ತಾಗಿ ಮಾಡಿ ತೋರಿಸಿದವರು ರಾಬರ್ಟ್ ಬ್ರೂಸ್ ಫೂಟ್. 1834ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಗೆ ಸೇರಿದವರು. 1863ರ ಮೇ 30ರಂದು ಮದ್ರಾಸಿನ ಪಲ್ಲಾವರಂನಲ್ಲಿ ಜಲ್ಲಿ ಅಗೆದ ಗುಂಡಿಯೊಂದರ ಬಳಿ ಒಂದು ಕೈಗೊಡಲಿ ಎತ್ತಿಕೊಂಡರು. ಭಾರತದ ಹಳೆ ಶಿಲಾಯುಗದ ಅಧ್ಯಯನ ಶುರುವಾಗುವುದೇ ಆ ಕಲ್ಲಿನಿಂದ. ಅವರ ನೌಕರಿಯ ಕೆಲಸ ಶಿಲೆಗಳ ನಕ್ಷೆ ಮಾಡುವುದು, ಚಿನ್ನ ಕಬ್ಬಿಣ ಎಲ್ಲಿದೆ ಅಂತ ನೋಡುವುದು. ಆಯುಧ ಹೆಕ್ಕಿದ್ದು ಆ ಕೆಲಸದ ನಡುವೆ ಬೆಳೆಸಿಕೊಂಡ ಹವ್ಯಾಸ. ಆ ಹವ್ಯಾಸ ಕೊನೆಗೆ ನಾನೂರಕ್ಕೂ ಹೆಚ್ಚು ನೆಲೆಗಳವರೆಗೆ ಬೆಳೆಯಿತು. ಧಾರವಾಡ, ಬಳ್ಳಾರಿ, ರಾಯಚೂರು ಸೀಮೆಯನ್ನು ಅವರಷ್ಟು ನಡೆದವರು ಕಮ್ಮಿ. "ಧಾರವಾಡ ಶಿಲಾವರ್ಗ" ಎಂಬ ಹೆಸರು ಕೊಟ್ಟವರೂ ಅವರೇ. ದಕ್ಷಿಣದ ಚಿನ್ನ ಇರುವುದು ಮುಖ್ಯವಾಗಿ ಈ ಶಿಲೆಗಳಲ್ಲೇ ಅಂತ 1880ರ ದಶಕದಲ್ಲಿ ಬರೆದರು. ಬಳ್ಳಾರಿ ಜಿಲ್ಲೆಯ ಭೂವಿಜ್ಞಾನದ ಬಗ್ಗೆ ಅವರ ದೊಡ್ಡ ವರದಿ 1895ರಲ್ಲಿ ಬಂತು.

1904ರಲ್ಲಿ ಅವರ ಸಂಗ್ರಹ ಮದ್ರಾಸ್ ಸರ್ಕಾರಿ ಮ್ಯೂಸಿಯಂ ಸೇರಿತು. 1912ರಲ್ಲಿ ಫೂಟ್ ತೀರಿಕೊಂಡರು. ಅವರು ಸಿದ್ಧಪಡಿಸಿದ್ದ ಸಂಗ್ರಹದ ಪಟ್ಟಿ 1914ರಲ್ಲಿಯೂ, ಟಿಪ್ಪಣಿಗಳ ಸಂಪುಟ 1916ರಲ್ಲಿಯೂ ಅಚ್ಚಾದವು. ಆ ಪಟ್ಟಿಯನ್ನು ಮೊದಲ ಸಲ ಬಿಡಿಸಿದಾಗ ನನಗೆ ಆದ ಅನುಭವವನ್ನು ಹೇಳಲೇಬೇಕು. ಚಿತ್ರಗಳಿಗಿಂತ ಹೆಚ್ಚಾಗಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಕ್ರಮ. ಜಿಲ್ಲೆ, ಅದರ ಕೆಳಗೆ ಊರು, ಊರಿನ ಕೆಳಗೆ ಒಂದೊಂದು ವಸ್ತುವಿಗೂ ಒಂದೊಂದು ಸಂಖ್ಯೆ. ಮಡಕೆಯ ಒಂದು ಚೂರಿಗೂ ಊರಿದೆ. ಮುರಿದ ಅರ್ಧ ಕೊಡಲಿಗೂ ಊರಿದೆ. ನನ್ನ ಇಡೀ ಕೊಡಲಿಗೆ ಊರಿಲ್ಲ.

ಫೂಟ್ 1870ರಲ್ಲಿ ಒಮ್ಮೆ, 1888ರಲ್ಲಿ ಇನ್ನೊಮ್ಮೆ ಮಸ್ಕಿಯ ಪ್ರಾಚೀನ ನೆಲೆಯ ಕಡೆ ಗಮನ ಸೆಳೆದಿದ್ದರು. ಮಸ್ಕಿ ಇರುವುದು ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ದಾರಿಯಲ್ಲಿ. ಅಲ್ಲಿ ದುರ್ಗದ ಗುಡ್ಡ ಅಂತ ಕಣಶಿಲೆಯ ಗುಡ್ಡ. ಅದರ ತಪ್ಪಲಿನಲ್ಲಿ ನೆಲ ಕೆದಕಿದರೆ ಮಣಿ, ಮಡಕೆ ಚೂರು, ಕಲ್ಲಿನ ಅಲಗು. ಈಗ ನೋಡಿ ಸೋಜಿಗ. ಅಷ್ಟು ಚುರುಕು ಕಣ್ಣಿನ ಮನುಷ್ಯ ನೆಲದ ಮೇಲಿನದ್ದನ್ನೆಲ್ಲ ಗುರುತಿಸಿದರು, ಗುಡ್ಡದ ಬಂಡೆಯ ಮೇಲಿದ್ದ ಅಕ್ಷರ ಮಾತ್ರ ಅವರಿಂದ ಹೊರಬರಲಿಲ್ಲ. ಅವರ ಕಣ್ಣು ನೆಲದ ಮೇಲಿತ್ತು ಅಂತ ನನ್ನ ಊಹೆ. ಕಲ್ಲು ಹೆಕ್ಕುವವರೆಲ್ಲರ ಕತ್ತೂ ಬಗ್ಗಿಯೇ ಇರುತ್ತದೆ. ನನ್ನ ಅನುಭವವೂ ಅದೇ. ವೀರಗಲ್ಲಿಗೆ ಒರಗಿ ಕೂತು ಬುತ್ತಿ ಉಂಡು, ಪಕ್ಕದಲ್ಲಿದ್ದ ಬೆಣಚುಕಲ್ಲನ್ನು ಎತ್ತಿಕೊಂಡು ಬಂದವನು ನಾನು!

ಆ ಬಂಡೆಯ ಶಾಸನ ಕಂಡದ್ದು 1915ರ ಜನವರಿ 27ರಂದು, ಸಿ. ಬೀಡನ್ ಅವರಿಗೆ. ನಿಜಾಮರ ಸೀಮೆಯಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಗಣಿ ಎಂಜಿನಿಯರ್ ಇವರು. ಅವರು ಲಿಪಿ ಬಲ್ಲವರಲ್ಲ, ಪ್ರಾಕೃತ ಓದಿದವರಲ್ಲ. ಆದರೆ ಬಂಡೆಯ ಮೈಮೇಲೆ ತಾನಾಗಿ ಆಗುವ ಗೀರು ಯಾವುದು, ಮನುಷ್ಯ ಮಾಡಿದ ಗೀರು ಯಾವುದು ಅಂತ ಗೊತ್ತಿದ್ದವರು. ಕಣಶಿಲೆಯಲ್ಲಿ ಬಿರುಕು ಬರುವುದಕ್ಕೂ, ಸಿಪ್ಪೆ ಏಳುವುದಕ್ಕೂ ಒಂದು ಧಾಟಿ ಇದೆ. ಆ ಧಾಟಿ ಮೀರಿದ ಗೆರೆ ಕಂಡರೆ ಕಲ್ಲಿನವನು ನಿಲ್ಲುತ್ತಾನೆ. ಬೀಡನ್ ನಿಂತರು.

ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಅದೇ ವರ್ಷ ಹೈದರಾಬಾದ್ ಪುರಾತತ್ತ್ವ ಮಾಲೆಯ ಮೊದಲ ಪುಸ್ತಿಕೆಯಾಗಿ ಪ್ರಕಟಿಸಿದರು. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಮೊದಲಲ್ಲೇ "ದೇವಾನಂಪಿಯಸ ಅಸೋಕಸ". ದೇವಾನಾಂಪ್ರಿಯನಾದ ಅಶೋಕನ... ಅಷ್ಟೇ. ಆ ಒಂದು ಹೆಸರಿನ ಬೆಲೆ ಏನು ಅನ್ನುವುದು ಶಾಸನಾಸಕ್ತರಿಗೆ ಗೊತ್ತು, ಹೊಸಬರಿಗಾಗಿ ಎರಡು ಮಾತು. 1837ರ ಹೊತ್ತಿಗೆ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿಯನ್ನು ಓದಿದ್ದರು. ಆಗ ಸಿಕ್ಕ ಶಾಸನಗಳಲ್ಲೆಲ್ಲ ರಾಜನನ್ನು ಕರೆದದ್ದು ದೇವಾನಾಂಪ್ರಿಯ, ಪ್ರಿಯದರ್ಶಿ ಅಂತ. ಈ ಪ್ರಿಯದರ್ಶಿಯೇ ಅಶೋಕ ಅಂತ ಹೇಳಿದವರು ಜಾರ್ಜ್ ಟರ್ನರ್, ಅದೂ ಸಿಂಹಳದ ಪಾಳಿ ಗ್ರಂಥಗಳ ಆಧಾರದಿಂದ. ವಾದ ಸರಿಯಾಗಿತ್ತು, ಆದರೆ ಆ ಹೆಸರನ್ನು ಅಶೋಕನ ಕಲ್ಲೇ ಹೇಳಬೇಕಿತ್ತು. ಎಪ್ಪತ್ತೆಂಟು ವರ್ಷ ಕಳೆದ ಮೇಲೆ ಮಸ್ಕಿಯ ಕಲ್ಲು ಹೇಳಿತು. ಆಮೇಲೆ ಮಧ್ಯಪ್ರದೇಶದ ಗುಜರ್ರಾದಲ್ಲಿ, ನಮ್ಮ ಬಳ್ಳಾರಿ ಸೀಮೆಯ ನಿಟ್ಟೂರು, ಉದೇಗೊಳಗಳಲ್ಲಿ ಆ ಹೆಸರು ಮತ್ತೆ ಸಿಕ್ಕಿತು. ಮೊದಲನೆಯದು ಮೊದಲನೆಯದೇ.

ಬೀಡನ್‌ರದು ಆಕಸ್ಮಿಕ ಅಂತ ತಳ್ಳಿಹಾಕುವ ಹಾಗಿಲ್ಲ. 1920ರ ದಶಕದ ಕೊನೆಯಲ್ಲಿ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿ ಅಶೋಕನ ದೊಡ್ಡ ಶಾಸನಗಳೂ ಚಿಕ್ಕ ಶಾಸನಗಳೂ ಒಟ್ಟಿಗೆ ಸಿಕ್ಕವಲ್ಲ, ಅವನ್ನು ಕಂಡವರು ಎ. ಘೋಷ್ ಎಂಬ ಭೂವಿಜ್ಞಾನಿ. ಎರಡು ಕಡೆಯೂ ಕಲ್ಲು ಹುಡುಕಿ ಹೋದವರಿಗೇ ಕಂಡದ್ದು ಯಾಕೆ? ನನ್ನ ಉತ್ತರ ಸರಳ: ಶಾಸನ ಬರೆಸಿದವರೂ ಕಲ್ಲು ಹುಡುಕಿದವರೂ ಒಂದೇ ನೆಲಕ್ಕೆ ಬಂದಿದ್ದರು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅಶೋಕನ ಶಾಸನಗಳಿರುವ ನಮ್ಮ ಊರುಗಳನ್ನು ನಕ್ಷೆಯಲ್ಲಿ ಗುರುತು ಮಾಡಿ: ಮಸ್ಕಿ, ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡು, ನಿಟ್ಟೂರು, ಉದೇಗೊಳ, ಮೊಳಕಾಲ್ಮೂರಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಪೂರ್ವಕ್ಕೆ ಎರ್ರಗುಡಿ. ಅದರ ಮೇಲೆ ಚಿನ್ನವಿರುವ ಧಾರವಾಡ ಶಿಲೆಗಳ ಪಟ್ಟಿಗಳನ್ನು ಎಳೆಯಿರಿ. ಅಕ್ಷರವಿರುವುದು ಹೆಚ್ಚಾಗಿ ಕಣಶಿಲೆಯ ಗುಂಡುಗಳ ಮೇಲೆ, ಚಿನ್ನವಿರುವುದು ಪದರುಶಿಲೆಯ ಪಟ್ಟಿಯಲ್ಲಿ. ಆದರೆ ಇವೆರಡೂ ನೆರೆಹೊರೆ. ಮಸ್ಕಿಯ ಸೀಮೆಯಲ್ಲೇ ಹಟ್ಟಿ ಇದೆ, ಇವತ್ತಿಗೂ ಚಿನ್ನ ತೆಗೆಯುತ್ತಿರುವ ಗಣಿ. ಹೊಸ ಗಣಿಗಾರರು ಅಲ್ಲಿ ಇಳಿದಾಗ ಅವರಿಗಿಂತ ಮೊದಲೇ ಯಾರೋ ಇಳಿದು ಹೋದ ಆಳವಾದ ಹಳೆಯ ಸುರಂಗಗಳು ಸಿಕ್ಕವು. ಅದರಲ್ಲಿದ್ದ ಆಸರೆಯ ಮರದ ತುಂಡಿಗೆ ಕಾಲಮಾಪನ ಮಾಡಿದಾಗ ಬಂದದ್ದು ಸುಮಾರು ಎರಡು ಸಾವಿರ ವರ್ಷ. ಕಲ್ಲಿಗೆ ಬೆಂಕಿ ಹಾಕಿ ಕಾಯಿಸಿ ಬಿರುಕು ಬಿಡಿಸುವುದು, ಚಿನ್ನದ ಬೆಣಚುಕಲ್ಲನ್ನು ಬಂಡೆಯ ಕುಳಿಗಳಲ್ಲಿ ಹಾಕಿ ಅರೆಯುವುದು, ನೀರಿನಲ್ಲಿ ತೊಳೆದು ಕಣ ಬೇರೆ ಮಾಡುವುದು. ಇದು ಹಳೆಯವರ ವಿಧಾನ. ಪ್ರಾಚೀನ ಭಾರತದ ಚಿನ್ನದ ಗಣಿಗಾರಿಕೆ ಬಗ್ಗೆ ಎಫ್. ಆರ್. ಆಲ್‌ಚಿನ್ 1962ರಲ್ಲಿ ಬರೆದ ಲೇಖನ ಈ ವಿಷಯಕ್ಕೆ ಇವತ್ತಿಗೂ ಒಳ್ಳೆಯ ಬಾಗಿಲು.

ಬ್ರಹ್ಮಗಿರಿಯ ಶಾಸನವನ್ನು ನೆನಪಿಸಿಕೊಳ್ಳಿ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರ ಮತ್ತು ಮಹಾಮಾತ್ರರು ಇಸಿಲದ ಮಹಾಮಾತ್ರರ ಆರೋಗ್ಯ ವಿಚಾರಿಸಿ ಕಳಿಸಿದ ಮಾತು ಅದು. ಆ ಸುವರ್ಣಗಿರಿ ಯಾವುದು? ಮಸ್ಕಿ ಅಂದವರಿದ್ದಾರೆ, ಕನಕಗಿರಿ ಅಂದವರಿದ್ದಾರೆ, ಎರ್ರಗುಡಿ ಪಕ್ಕದ ಜೊನ್ನಗಿರಿ ಅಂದವರಿದ್ದಾರೆ. ವಾದ ಮುಗಿದಿಲ್ಲ. ಧರ್ಮದ ಮಾತು ಬರೆಸುವುದಕ್ಕೆ ಪಾಟಲಿಪುತ್ರದಿಂದ ಇಷ್ಟು ದೂರ ಬಂದರು ಅನ್ನುವುದು ನಿಜ. ಆದರೆ ಬರೀ ಧರ್ಮಕ್ಕಾಗಿ ಈ ಬಿಸಿಲಿಗೆ ಬಂದರು ಅಂತ ನಾನು ನಂಬುವುದಿಲ್ಲ. ರಾಜಕುಮಾರ ಕೂತ ಊರಿನ ಹೆಸರೇ ಚಿನ್ನದ ಬೆಟ್ಟ. ಯಾರು ಏನು ಹುಡುಕುತ್ತಿದ್ದರು ಅಂತ ಹೆಸರೇ ಹೇಳುತ್ತದೆ.

ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಮೂರು ಶಾಸನಗಳನ್ನು 1892ರಲ್ಲಿ ಬಿ. ಎಲ್. ರೈಸ್ ಬೆಳಕಿಗೆ ತಂದರು. ಬರೆದ ಚಪಡ ಎಂಬ ಲಿಪಿಕಾರ ತನ್ನ ವೃತ್ತಿಯ ಹೆಸರನ್ನು ಖರೋಷ್ಠಿಯಲ್ಲಿ ಹಾಕಿದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ನನಗೆ ಅದಕ್ಕಿಂತ ಇಷ್ಟ ಆ ಬಂಡೆಗಳಿಗೆ ಊರವರು ಇಟ್ಟ ಹೆಸರು. ಬ್ರಹ್ಮಗಿರಿಯದು ಅಕ್ಷರಗುಂಡು. ಒಂದಕ್ಷರ ಓದಲು ಬಾರದಿದ್ದರೂ ಅದು ಅಕ್ಷರ ಅಂತ ಅವರಿಗೆ ಗೊತ್ತಿತ್ತು ನೋಡಿ. ಜಟಿಂಗ ರಾಮೇಶ್ವರದ್ದು ಬಳೆಗಾರಗುಂಡು. ಜಾತ್ರೆಯಲ್ಲಿ ಬಳೆಗಾರರು ಅದರ ಮೇಲೆ ಅಂಗಡಿ ಹೂಡುತ್ತಿದ್ದರಂತೆ, ಅದಕ್ಕೇ ಅಕ್ಷರ ಅಷ್ಟು ಸವೆದದ್ದು. ಮೌರ್ಯ ಚಕ್ರವರ್ತಿಯ ಆಜ್ಞೆಯ ಮೇಲೆ ಹಸಿರು ಬಳೆ ಹರವಿಕೊಂಡು ಕೂತ ಬಳೆಗಾರನನ್ನು ನೆನೆದರೆ ನನಗೆ ಸಿಟ್ಟು ಬರುವುದಿಲ್ಲ, ನಗು ಬರುತ್ತದೆ.

ಇನ್ನು ಕಲ್ಲಿನ ಹವ್ಯಾಸ ಶಾಸನದ ಕೆಲಸಕ್ಕೆ ಒದಗುವ ಬಗೆ. ನಮ್ಮ ಹೆಚ್ಚಿನ ಶಾಸನ ಸಂಪುಟಗಳಲ್ಲಿ ಕಲ್ಲಿನ ಉದ್ದ, ಅಗಲ, ಸಾಲುಗಳ ಸಂಖ್ಯೆ ಇರುತ್ತದೆ. ಅದು ಯಾವ ಕಲ್ಲು ಅಂತ ಬಹಳ ಸಲ ಇರುವುದಿಲ್ಲ. ಇದು ನನ್ನ ಹಳೆಯ ತಕರಾರು. ಯಾಕೆಂದರೆ ಅಕ್ಷರದ ಹಣೆಬರಹ ಇರುವುದು ಕಲ್ಲಿನಲ್ಲಿ. ಹೊಯ್ಸಳ ಶಾಸನಗಳು ಮುತ್ತು ಪೋಣಿಸಿದ ಹಾಗೆ ಇರುವುದಕ್ಕೆ ರೂವಾರಿಯ ಕೈ ಎಷ್ಟು ಕಾರಣವೋ ಬಳಪದ ಕಲ್ಲೂ ಅಷ್ಟೇ ಕಾರಣ. ಗಡಸುತನ ಅಳೆಯಲು ಫ್ರೀಡ್ರಿಕ್ ಮೋಸ್ 1812ರಲ್ಲಿ ಮಾಡಿದ ಹತ್ತರ ಮಾಪನದಲ್ಲಿ ಬಳಪದ ಖನಿಜಕ್ಕೆ ಒಂದನೇ ಸ್ಥಾನ, ಅಂದರೆ ಎಲ್ಲಕ್ಕಿಂತ ಮೆದು. ನಮ್ಮ ಉಗುರು ಸುಮಾರು ಎರಡೂವರೆ, ಚಾಕು ಐದೂವರೆ, ಬೆಣಚುಕಲ್ಲು ಏಳು. ಕಣಶಿಲೆಯಲ್ಲಿ ಆ ಏಳರ ಕಣಗಳು ತುಂಬಿರುತ್ತವೆ. ಅದರ ಮೇಲೆ ಉಳಿ ಇಟ್ಟವನು ಅಕ್ಷರ ಕೆತ್ತುವುದಿಲ್ಲ, ಕಣ ಕಣವಾಗಿ ಕುಟ್ಟಿ ಉದುರಿಸುತ್ತಾನೆ. ಗಂಗರ ಕಾಲದ ಎಷ್ಟೋ ವೀರಗಲ್ಲುಗಳ ಅಕ್ಷರ ಒರಟಾಗಿ ಕಂಡರೆ ಕೆತ್ತಿದವನಿಗೆ ಕೈ ಬರಲಿಲ್ಲ ಅಂತ ತೀರ್ಮಾನಿಸುವ ಮೊದಲು ಕಲ್ಲನ್ನು ನೋಡಬೇಕು.

ಹಾಳಾಗುವ ರೀತಿಯೂ ಬೇರೆ ಬೇರೆ. ಕಣಶಿಲೆ ಬಿಸಿಲು ಚಳಿಗೆ ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ. ಹೋದರೆ ಎರಡು ಸಾಲು ಒಟ್ಟಿಗೇ ಹೋಗುತ್ತದೆ, ಉಳಿದ ಸಾಲು ಗಟ್ಟಿಯಾಗಿರುತ್ತದೆ. ಬಾದಾಮಿಯ ಮರಳುಶಿಲೆ ಹಾಗಲ್ಲ, ಮರಳಿನ ಕಣ ಒಂದೊಂದೇ ಉದುರಿ ಎಲ್ಲ ಅಕ್ಷರವೂ ಸಮಾನವಾಗಿ ಮಸುಕಾಗುತ್ತದೆ. ಆದರೂ ಮಳೆ ನೇರವಾಗಿ ಬಡಿಯದ ಕಡೆ ಗಟ್ಟಿ ಪದರ ಸಿಕ್ಕರೆ ಬಾಳುತ್ತದೆ. ಕ್ರಿ.ಶ. 543ರ ಪುಲಕೇಶಿಯ ಶಾಸನವೂ ಕಪ್ಪೆ ಅರಭಟ್ಟನ ಶಾಸನವೂ ಅದಕ್ಕೆ ಸಾಕ್ಷಿ. ಬಳಪದ ಕಲ್ಲಿಗೆ ಬಿಸಿಲಿಗಿಂತ ಹೆಚ್ಚಾಗಿ ಮನುಷ್ಯನೇ ಶತ್ರು. ಕೊಡಲಿ ಮಸೆದರೂ ಗುರುತು, ಎಮ್ಮೆ ಮೈ ಉಜ್ಜಿದರೂ ಗುರುತು. ಮೊಳೆಯಲ್ಲಿ ಹೆಸರು ಬರೆಯುವ ಪ್ರೇಮಿಗಳ ವಿಷಯ ಬಿಡಿ.

ಇಷ್ಟು ಓದಿ ಯಾರಾದರೂ ಮುಂದಿನ ಭಾನುವಾರ ಶಾಸನದ ಮೇಲೆ ಚಾಕು ಗೀರಿ ಗಡಸುತನ ನೋಡಲು ಹೊರಟರೆ ಪಾಪ ನನಗೆ ಸುತ್ತಿಕೊಳ್ಳುತ್ತದೆ. ಬೇಡ. ಮುರಿದ ಅಂಚು, ಬುಡ, ಹಿಂಭಾಗ ಇವನ್ನು ಕಣ್ಣಲ್ಲಿ ನೋಡಿದರೆ ಸಾಕು. ಹತ್ತು ರೂಪಾಯಿಯ ಭೂತಗನ್ನಡಿ ಸಾಕು. ಹರಳು ಕಾಣುತ್ತದೆಯೇ, ಪದರ ಕಾಣುತ್ತದೆಯೇ, ಮುಟ್ಟಿದರೆ ಸಾಬೂನಿನ ಹಾಗೆ ನುಣುಪೇ? ನೋಡಿ ಬರೆದುಕೊಳ್ಳಿ. ಅದೇ ಥರದ ಬಂಡೆ ಆ ಊರಿನ ಸುತ್ತ ಇದೆಯೇ ಅಂತ ಕೇಳಿ. ಒಮ್ಮೆ ಕೆರೆ ಏರಿಯ ಮೇಲೆ ಒಂದು ಬಳಪದ ಕಲ್ಲಿನ ದಾನಶಾಸನ ಸಿಕ್ಕಿತು. ಸುತ್ತ ಎಲ್ಲಿ ನೋಡಿದರೂ ಬರೀ ಕಣಶಿಲೆ. ಊರಿನ ಹಿರಿಯರನ್ನು ಕೇಳಿದರೆ, ಅದನ್ನು ಅವರ ತಾತನ ಕಾಲದಲ್ಲಿ ಗಾಡಿಯಲ್ಲಿ ಹೇರಿಕೊಂಡು ಬಂದು ತೂಬಿನ ಕಲ್ಲಾಗಿ ಹಾಕಿದ್ದಂತೆ. ಶಾಸನದಲ್ಲಿ ಬರೆದ ಮೂಡಣ ಸೀಮೆ, ತೆಂಕಣ ಸೀಮೆ ಆ ಊರಿಗೆ ಹೊಂದದೆ ನಾನು ಎರಡು ತಿಂಗಳು ತಲೆ ಕೆಡಿಸಿಕೊಂಡಿದ್ದೆ. ಕಲ್ಲು ಮೊದಲ ದಿನವೇ ಹೇಳಿತ್ತು, ನಾನು ಈ ಊರಿನವನಲ್ಲ ಅಂತ.

ಕೊಡಲಿಗೆ ವಾಪಸ್ ಬರುತ್ತೇನೆ. ನನ್ನ ಕಪ್ಪು ಕಲ್ಲು ಡಾಲರೈಟ್. ಕಣಶಿಲೆಯ ಬಿರುಕಿನೊಳಗೆ ನುಗ್ಗಿ ಗಟ್ಟಿಯಾದ ಕರಿಶಿಲೆ. ಬಳ್ಳಾರಿ ಪಕ್ಕದ ಸಂಗನಕಲ್ಲು, ಕಪ್ಪಗಲ್ಲು ಗುಡ್ಡದಲ್ಲಿ ಈ ಕರಿಶಿಲೆಯ ದೊಡ್ಡ ಗೋಡೆಯೇ ಇದೆ. ನವಶಿಲಾಯುಗದವರು ಅಲ್ಲಿ ಕೊಡಲಿಯ ಕಾರ್ಖಾನೆ ನಡೆಸಿದ್ದರು ಅಂದರೆ ತಪ್ಪಲ್ಲ. ಮೊದಲು ಚಕ್ಕೆ ಎಬ್ಬಿಸಿ ಆಕಾರ ಕೊಡುವುದು, ಆಮೇಲೆ ಕುಟ್ಟಿ ಉಬ್ಬು ತಗ್ಗು ಸರಿಮಾಡುವುದು, ಕೊನೆಗೆ ಬಂಡೆಯ ಮೇಲೆ ನೀರು ಹಾಕಿ ಮಸೆಯುವುದು. ಮಸೆದ ಗಾಡಿಗಳು ಬಂಡೆಯ ಮೇಲೆ ಇನ್ನೂ ಇವೆ. ಆ ಗುಡ್ಡವನ್ನು ಜಲ್ಲಿಗಾಗಿ ಒಡೆದು ಸಾಕಷ್ಟು ಹಾಳುಮಾಡಿದ್ದೇವೆ. ರವಿ ಕೋರಿಶೆಟ್ಟರ್ ಮತ್ತು ಅವರ ಜೊತೆಗಾರರು ಅಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದರು. ಈಗ ಬಳ್ಳಾರಿಯಲ್ಲಿ ಬ್ರೂಸ್ ಫೂಟ್ ಹೆಸರಿನಲ್ಲೇ ಸಂಗನಕಲ್ಲು ಪುರಾತತ್ತ್ವ ವಸ್ತುಸಂಗ್ರಹಾಲಯ ಇದೆ. ಆ ಕಡೆ ಹೋದವರು ತಪ್ಪದೆ ನೋಡಿ.

ನನ್ನ ಕೊಡಲಿ ಸಂಗನಕಲ್ಲಿನ ಕರಿಶಿಲೆಯೋ, ಲಿಂಗಸುಗೂರಿನದೇ ಬೇರೆ ಎಳೆಯೋ? ಸಿಕ್ಕ ಜಾಗ ಗೊತ್ತಿದ್ದರೆ ಅದು ಒಂದು ಪ್ರಶ್ನೆಯಾಗುತ್ತಿತ್ತು. ಅಲ್ಲಿ ಇನ್ನೇನಿತ್ತು, ಬೂದಿಗುಡ್ಡ ಇತ್ತೇ, ಮಡಕೆ ಚೂರು ಇತ್ತೇ, ಒಂಟಿಯಾಗಿ ಬಿದ್ದದ್ದೇ? ನಾನು ಬಗ್ಗಿ, ಎತ್ತಿ, ಚೀಲಕ್ಕೆ ಹಾಕಿದ ಆ ಮೂರು ಸೆಕೆಂಡಿನಲ್ಲಿ ಅಷ್ಟೂ ಹೋಯಿತು.

ನಿವೃತ್ತನಾದ ಮೇಲೆ ಒಂದು ಚಳಿಗಾಲ ಅದನ್ನು ಚೀಲದಲ್ಲಿಟ್ಟುಕೊಂಡು ಲಿಂಗಸುಗೂರಿಗೆ ಹೋದೆ. ಹಳೆಯ ಸೈಕಲ್ ದಾರಿಗಳನ್ನು ಹಿಡಿದು ಮೂರು ದಿನ ತಿರುಗಿದೆ. ಗುರುತು ಹತ್ತಲಿಲ್ಲ. ನಾಲೆ ಬಂದು ಹೊಲಗಳೆಲ್ಲ ಮಟ್ಟವಾಗಿದ್ದವು, ಜೋಳವಿದ್ದಲ್ಲಿ ಭತ್ತ ನಿಂತಿತ್ತು. ಮೂರನೇ ದಿನ ಮಧ್ಯಾಹ್ನ ಒಂದು ಬೇವಿನ ಮರದ ಕೆಳಗೆ ಕೂತೆ. ಮರದ ಬುಡದಲ್ಲಿ ಒಂದು ಚಿಕ್ಕ ಕಟ್ಟೆ, ಅದರ ಮೇಲೆ ಕುಂಕುಮ ಹಚ್ಚಿದ ಏಳೆಂಟು ಕಪ್ಪು ಕಲ್ಲು. ನೋಡುತ್ತಲೇ ಎದೆ ಧಸಕ್ಕೆಂದಿತು. ಎಲ್ಲವೂ ಕೊಡಲಿಗಳೇ!

ಕುರಿ ಬಿಟ್ಟುಕೊಂಡು ಅಜ್ಜ ಒಬ್ಬರು ಬಂದರು. ನನ್ನ ಕಲ್ಲನ್ನು ತೋರಿಸಿದೆ. "ಸಿಡ್ಲಿನ ಕಲ್ಲರೀ ಇದು. ಮಳಿಗಾಲದಾಗ ಸಿಡ್ಲ ಬಿದ್ದಾಗ ಭೂಮಿಗೆ ಇಳಿತೈತಿ, ಮುಂದ ಹೊಲ ಹರಗುವಾಗ ಮ್ಯಾಲ ಬರತೈತಿ. ಮನ್ಯಾಗ ಇಟ್ಕೋಬಾರದ್ರೀ, ಇಲ್ಲಿ ತಂದು ಇಡ್ತೀವಿ." ಕಲ್ಲಿನ ಕೊಡಲಿ ಸಿಡಿಲಿನಿಂದ ಬಂದದ್ದು ಅನ್ನುವ ನಂಬಿಕೆ ಇಲ್ಲಷ್ಟೇ ಅಲ್ಲ, ಯುರೋಪಿನ ಹಳ್ಳಿಗಳಲ್ಲೂ ಇತ್ತು. ಅದು ನನಗೆ ಗೊತ್ತಿದ್ದದ್ದೇ. ಗೊತ್ತಿಲ್ಲದ್ದು ಅವರು ಆಮೇಲೆ ಹೇಳಿದ್ದು.

"ಇವು ಎಲ್ಲೆಲ್ಲಿ ಸಿಕ್ಕವು ಅಂತ ಗೊತ್ತದ ಏನಜ್ಜಾರ?" ಅಂದೆ.

"ಗೊತ್ತಿಲ್ದ ಏನ್ರೀ?" ಅಂದವರೇ ಕೋಲಿನಿಂದ ಒಂದೊಂದನ್ನೇ ತೋರಿಸಿದರು. ಇದು ಹಳ್ಳದ ದಂಡಿ ಹೊಲದ್ದು, ನಮ್ಮಪ್ಪಗ ಸಿಕ್ಕಿದ್ದು. ಇದು ಗುಡಿ ಹಿಂದಿನ ಎರಿ ಹೊಲದ್ದು, ಬಾವಿ ತೋಡುವಾಗ ಎರಡಾಳು ಕೆಳಗಿತ್ತು. ಇವೆರಡು ಒಂದ ಕಡೆ ಸಿಕ್ಕವು, ಜೋಡಿ. ಈ ಮುರುಕು ಮಾತ್ರ ಯಾರದೋ, ಭಾಳ ಹಳೇದು.

ಎಂಟರಲ್ಲಿ ಏಳಕ್ಕೆ ಊರು, ಹೊಲ, ಸಿಕ್ಕವರ ಹೆಸರು, ಒಂದಕ್ಕೆ ಆಳ ಸಮೇತ. ನಾನು ನೋಟ್‌ಬುಕ್ಕು ತೆಗೆದು ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಂಡೆ, ಅಳತೆ ತೆಗೆದುಕೊಂಡೆ, ಫೋಟೊ ತೆಗೆದುಕೊಂಡೆ. ಮುಟ್ಟಲಿಲ್ಲ. ಅಜ್ಜ ನನ್ನ ಕಲ್ಲಿನ ಕಡೆ ಕೈ ಚಾಚಿ, "ಅದನ್ನೂ ಇಲ್ಲೇ ಇಟ್ಟು ಹೋಗ್ರಿ" ಅಂದರು. ಒಂದು ಗಳಿಗೆ ಮನಸ್ಸಾಯಿತು. ಆದರೆ ಇಟ್ಟರೆ ನಾಳೆ ಇನ್ಯಾರೋ ಬಂದು ಇದೂ ಈ ಊರಿನದೇ ಅಂತ ಬರೆದುಕೊಳ್ಳುತ್ತಾರೆ. ಒಂದು ತಪ್ಪಿಗೆ ಇನ್ನೊಂದು ಸುಳ್ಳು ಸೇರುತ್ತದೆ. "ಇದು ಯಾವ ಊರಿಂದು ಅಂತ ನನಗ ಗೊತ್ತಿಲ್ಲ ಅಜ್ಜಾರ" ಅಂದೆ. ಅವರು ನನ್ನನ್ನು ಒಂದು ಥರ ನೋಡಿ ಕುರಿ ಅಟ್ಟಿಕೊಂಡು ಹೋದರು.

ಮನುಷ್ಯ ಮಾಡಿದ, ನೂರು ವರ್ಷ ದಾಟಿದ ವಸ್ತು 1972ರ ಕಾಯ್ದೆಯ ಪ್ರಕಾರ ಪುರಾವಸ್ತು. ಕಾಗೆಬಂಗಾರ, ಗಾರ್ನೆಟ್ಟುಗಳ ಮಾತು ಬೇರೆ, ಕೊಡಲಿಯನ್ನು ಕಾಗದ ಒತ್ತಲು ಇಟ್ಟುಕೊಳ್ಳುವ ಹಾಗಿಲ್ಲ. ಊರಿಗೆ ಮರಳಿದ ಮೇಲೆ ಅದನ್ನು ಒಂದು ವಸ್ತುಸಂಗ್ರಹಾಲಯಕ್ಕೆ ಒಯ್ದೆ. ಅಲ್ಲಿನ ಯುವ ಅಧಿಕಾರಿ ಒಂದು ಫಾರಂ ಕೊಟ್ಟರು. ವಸ್ತು, ಶಿಲೆ, ಉದ್ದ, ಅಗಲ, ತೂಕ ಎಲ್ಲ ಸರಸರ ತುಂಬಿದೆ. "ದೊರೆತ ಸ್ಥಳ" ಅನ್ನುವ ಸಾಲು ಬಂದಾಗ ಪೆನ್ನು ನಿಂತಿತು.

"ಅಂದಾಜು ಏನಾದ್ರೂ ಬರೀರಿ ಸರ್, ಖಾಲಿ ಬಿಟ್ರೆ ಚೆನ್ನಾಗಿ ಕಾಣಲ್ಲ" ಅಂದರು ಅವರು.

ನಾನು ಬರೆದೆ: ಲಿಂಗಸುಗೂರು ಕಡೆ.